ಹೂ ಬಿಟ್ಟ ಎಣ್ಣೆ

ಇದನ್ನು ಹೇಳಬೇಕೆಂದುಕೊಂಡು ಎಷ್ಟೋ ಚಳಿಗಾಲ ಮುಂದೂಡಿದ್ದೇನೆ. ಇವತ್ತು ಬೆಳಿಗ್ಗೆ ಸೊಸೆ, ಬೈಲಹೊಂಗಲದಿಂದ ತಂದ ಅಜವಾನದ ಎಣ್ಣೆಯ ಬಾಟಲಿಯನ್ನು ನನ್ನ ಮುಂದೆ ಹಿಡಿದಳು. ಥಂಡಿಗೆ ಅದರ ತಳದಲ್ಲಿ ಬಿಳಿ ಹರಳು ಕೂತಿದ್ದವು.

"ಮಾವಾರ, ಇದರಾಗ ಸಕ್ಕರಿ ಕಲಸ್ಯಾರ ನೋಡ್ರಿ. ವಾಪಸ್ ಕೊಟ್ಟ ಬರ್ರಿ."

ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿದದ್ದೇ, ಕಿತ್ತೂರಿನ ನಮ್ಮ ಹಳೆಯ ಹಿತ್ತಲು...

ಅಲ್ಲಿ ಅಪ್ಪನ ಭಟ್ಟಿ ಇತ್ತು. ತಾಮ್ರದ ಹಂಡೆಯಲ್ಲಿ ಅಜವಾನದ ಕಾಳು ಕುದಿಸಿ, ಹಬೆಯನ್ನು ತಣಿಸಿ, ನೀರಿನ ಮೇಲೆ ತೇಲುವ ಎಣ್ಣೆ ತೆಗೆಯುವುದು ನಮ್ಮ ಮನೆತನದ ಕಸುಬು. ಹೈಸ್ಕೂಲು ಕಲಿತ ನನಗೇ ಭಟ್ಟಿ ಸಿಗುತ್ತದೆ ಎಂದುಕೊಂಡಿದ್ದೆ. ಕೈ ನಡುಗತೊಡಗಿದಾಗ ಅಪ್ಪ ಭಟ್ಟಿಯನ್ನು ಒಪ್ಪಿಸಿದ್ದು ಅಣ್ಣನ ಹೆಂಡತಿಗೆ, ನಮ್ಮ ವೈನಿಗೆ. ಇಬ್ಬರ ಎಣ್ಣೆಯನ್ನೂ ಮೂಸಿ, "ನಿಂದು ಬರೇ ವಾಸನಿ. ಆಕೀದು ಔಷಧ" ಅಂದುಬಿಟ್ಟಿದ್ದ. ಗಜಕರ್ಣಕ್ಕೆ, ಹಲ್ಲುನೋವಿಗೆ ಬಂದವರು "ಅಕ್ಕಾರ ಅದಾರೇನ್ರಿ?" ಎಂದು ನನ್ನನ್ನೇ ಕೇಳುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು.

ಒಂದು ಚಳಿಗಾಲ ವೈನಿ ಬಾಟಲಿ ತೋರಿಸಿದಳು. "ಎಣ್ಣಿ ಹೂ ಬಿಟ್ಟೈತಿ ನೋಡೋ ತಮ್ಮಾ. ಸತ್ವ ಇದ್ರಷ್ಟ ಹಿಂಗ ಹರಳಾಗತೈತಿ. ಮುಷ್ಟಿಯಾಗ ಹಿಡಿ, ಕರಗತೈತಿ."

ನನ್ನ ಎಣ್ಣೆ ಯಾವ ಥಂಡಿಗೂ ಹೂ ಬಿಟ್ಟಿರಲಿಲ್ಲ.

ಅದೇ ವಾರ ಸವದತ್ತಿಯಿಂದ ಔಷಧ ವ್ಯಾಪಾರಿ ಬಂದ. ವೈನಿ ಮುರಗೋಡದ ಮಠಕ್ಕೆ ಹೋಗಿದ್ದಳು. ಆಕೆಯ ಬಾಟಲಿಯಲ್ಲಿ ಹರಳು ಕಂಡು, "ಇದೇನ್ರಿ?" ಅಂದ.

"ಸಕ್ಕರಿ ಇದ್ದೀತರಿ. ನಾ ಮಾಡಿದ್ದಲ್ಲ, ನಮ್ಮ ವೈನಿ ಮಾಡಿದ್ದು," ಅಂದೆ.

ಆತ ಮತ್ತೆ ಬರಲಿಲ್ಲ. ಮಾತು ಊರೂರು ತಿರುಗಿತು, ಗಿರಾಕಿಗಳು ನಿಂತರು. ನನ್ನ ಕಡೆಗೂ ಯಾರೂ ಸುಳಿಯಲಿಲ್ಲ. ವೈನಿ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಥಳಥಳ ತಿಕ್ಕಿ, ಹಿತ್ತಲಲ್ಲಿ ಬೋರಲು ಹಾಕಿದಳು.

ಆಮೇಲೆ ನನ್ನದೇ ದವಡೆ ಹಲ್ಲು ನೋವು. ಉಳಿದ ಎಣ್ಣೆಯಲ್ಲಿ ಹತ್ತಿ ಅದ್ದಿ ವೈನಿ ತಾನೇ ತಂದಳು.

"ಸಕ್ಕರಿ ಎಣ್ಣಿ ಐತ್ಯೋ ತಮ್ಮಾ. ಸಿಹಿ ಹತ್ತತೈತೇನ ನೋಡು."

ನಾಲಿಗೆ ಉರಿಯಿತು, ನೋವು ಜೋಮುಗಟ್ಟಿತು. ನಾನು ತಲೆ ಎತ್ತಲಿಲ್ಲ. ಆಕೆ ತೀರಿಕೊಂಡ ದಿನ ಕಾಲು ಮುಟ್ಟಿದೆ. ಆಗಲೂ ತಪ್ಪೊಪ್ಪಿಕೊಳ್ಳಲು ಬಾಯಿ ಬರಲಿಲ್ಲ...

ಈ ಬಾಟಲಿಯ ಚೀಟಿಯ ಮೇಲೆ ಆ ಸತ್ವದ ಹೆಸರು ಥೈಮಾಲ್ ಎಂದಿದೆ. ಮುಷ್ಟಿಯಲ್ಲಿ ಹಿಡಿದು ಕೂತೆ. ಮುದಿ ಕೈ, ಬಿಸಿ ಕಡಿಮೆ. ಹರಳು ನಿಧಾನಕ್ಕೆ ಕರಗಿದವು.

"ಅಯ್ಯ! ಇದನ್ನ ಯಾರ ಕಲಿಸಿದ್ರರಿ ಮಾವಾರ ನಿಮಗ?"

'ನಮ್ಮಪ್ಪ' ಎಂದು ತುಟಿಯವರೆಗೆ ಬಂದಿತ್ತು. ನುಂಗಿಕೊಂಡೆ.

"ನಮ್ಮ ವೈನಿ," ಅಂದೆ.