ಮೈಕಕ್ಕನ ಹನ್ನೊಂದನೇ ಬೇಡಿಕೆ

ನೇಯ್ಗೆ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಮಗ್ಗದ ಮುಂದೆ ನಿಂತವರಿಗೆ ಮೆಲ್ಲಗೆ ಮಾತಾಡುವುದು ಮರೆತೇ ಹೋಗುತ್ತದೆ. ನಲವತ್ತು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದವಳಿಗೆ ನೂಲು ಹರಿದಿದೆ ಅನ್ನಬೇಕಾದರೂ ಗಂಟಲು ಹರಿದುಕೊಳ್ಳಬೇಕು. ಅಲ್ಲಿ ಪಳಗಿದ ಗಂಟಲು ನಮ್ಮ ಮೈಕಕ್ಕನದು. ಮನೆಯಲ್ಲಿ ಅವಳು ಉಪ್ಪು ಕೇಳಿದರೆ ಎದುರುಮನೆಯವರು ತಂದುಕೊಡುತ್ತಿದ್ದರು. ಅವಳ ಗಂಡ ಗಡಿಯಾರ ರಿಪೇರಿ ಮಾಡುವವನು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ದೇವರು ಇಬ್ಬರ ದನಿಯನ್ನೂ ಸೇರಿಸಿ ಇವಳೊಬ್ಬಳಿಗೇ ಕೊಟ್ಟುಬಿಟ್ಟ ಅಂತ ಬೀದಿಯವರು ನಗುತ್ತಿದ್ದರು.

ಆ ಗಂಟಲಿನ ಬೆಲೆ ಮೊದಲು ತಿಳಿದದ್ದು ವಕೀಲರಿಗೆ. ವಿರೋಧ ಪಕ್ಷದ ಮನುಷ್ಯ, ಸೈಕಲ್ಲಿನಲ್ಲಿ ಓಡಾಟ. ಆಗಲೇ ಒಂದು ಚುನಾವಣೆ ಸೋತಿದ್ದರು, ಇನ್ನೂ ನಾಲ್ಕು ಸೋಲುವವರಿದ್ದರು. ಒಂದು ದಿನ ಗಿರಣಿ ಬಾಗಿಲಲ್ಲಿ ಅವಳನ್ನು ತಡೆದು ನಿಲ್ಲಿಸಿದರು.

"ಅಕ್ಕ, ನಮ್ಮ ಮೈಕು ಕೆಟ್ಟಿದೆ. ಒಂದು ನಾಲ್ಕು ಘೋಷಣೆ ಕೂಗಿಕೊಡ್ತೀರಾ?"

ಅವಳ ಸೊಂಟದ ಮೇಲೆ ಹತ್ತು ತಿಂಗಳ ಮಗಳಿದ್ದಳು. ಅವತ್ತು ಆ ಮಗುವನ್ನು ಯಾರ ಮನೆಯಲ್ಲಿ ಬಿಡುವುದು ಅಂತ ಬೆಳಗಿನಿಂದ ಮೂರು ಬಾಗಿಲು ತಟ್ಟಿ ಬಂದಿದ್ದಳು.

"ಕೂಗ್ತೀನಿ. ಆದ್ರೆ ಗಿರಣಿ ಬೀದಿಗೊಂದು ಮಕ್ಕಳ ಮನೆ ಬೇಕು. ಕೆಲಸಕ್ಕೆ ಹೋಗೋರು ಮಗೂನ ಧೈರ್ಯವಾಗಿ ಬಿಟ್ಟು ಹೋಗೋ ಜಾಗ. ನಿಮ್ಮ ಪಟ್ಟೀಲಿ ಬರ್ಕೊಳ್ಳಿ."

ಪಟ್ಟಿಯಲ್ಲಿ ಹತ್ತು ಬೇಡಿಕೆಗಳಿದ್ದವು. ಇದು ಹನ್ನೊಂದನೆಯದಾಯಿತು. ಪಕ್ಷದವರು ಆಮೇಲೆ ಮೈಕು ರಿಪೇರಿ ಮಾಡಿಸುವ ಗೋಜಿಗೇ ಹೋಗಲಿಲ್ಲ.

ಇಪ್ಪತ್ತನಾಲ್ಕು ವರ್ಷ ಅವಳು "ಬೇಕೇ ಬೇಕು" ಅಂತ ಕೂಗಿದಳು, ಜನ "ಮಕ್ಕಳ ಮನೆ ಬೇಕು" ಅಂತ ಮುಗಿಸಿದರು. ಬಿಸಿಲಲ್ಲಿ ಕೂಗಿದಳು, ಜ್ವರ ಬಂದಾಗಲೂ ಕೂಗಿದಳು. ಪಕ್ಕದಲ್ಲಿ ವಕೀಲರು, ಎಲ್ಲರಿಗಿಂತ ಮೊದಲು ಮೇಲೇಳುವ ಮುಷ್ಟಿ ಅವರದೇ. ಆಳುವವರು ಇದನ್ನೆಲ್ಲ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳು ಅವರಿವರ ಮನೆ ಅಂಗಳದಲ್ಲಿ ಬೆಳೆದು, ಅದೇ ಗಿರಣಿ ಸೇರಿ, ಹೊಸ ಯಂತ್ರದ ಮೇಲೆ ಕೈ ಕೂತ ಮೊದಲ ಹೆಣ್ಣು ಅನ್ನಿಸಿಕೊಂಡು, ಮದುವೆಯಾಗಿ, ಅವಳಿಗೂ ಒಂದು ಹೆಣ್ಣುಮಗು ಹುಟ್ಟಿತು.

ಆ ವರ್ಷ ಪಕ್ಷ ಗೆದ್ದುಬಿಟ್ಟಿತು. ಯಾರೂ ಎಣಿಸಿರಲಿಲ್ಲ, ಗೆದ್ದವರಂತೂ ಎಣಿಸಿಯೇ ಇರಲಿಲ್ಲ. ವಕೀಲರು ಮಂತ್ರಿಯಾದರು.

ಗೆದ್ದವರ ಕಷ್ಟ ಗೆದ್ದವರಿಗೇ ಗೊತ್ತು. ಸೋಲುವುದು ಖಾತ್ರಿ ಅನ್ನುವ ಧೈರ್ಯದಲ್ಲಿ ಪಟ್ಟಿಯಲ್ಲಿ ಏನೇನೋ ಬರೆದುಬಿಟ್ಟಿದ್ದರು. ನದಿಗೆ ಎರಡು ಸೇತುವೆ, ಒಂದು ಹೋಗುವುದಕ್ಕೆ, ಇನ್ನೊಂದು ಬರುವುದಕ್ಕೆ. ಇದನ್ನು ಬರೆದ ಪುಣ್ಯಾತ್ಮ ಯಾರು ಅಂತ ಕೇಳಿದರೆ ಎಲ್ಲರೂ ಸೂರು ನೋಡಿದರು. ಕೊನೆಗೆ ಹಿರಿಯರು ಕೂತು ಬೇಡಿಕೆಗಳನ್ನು ಎರಡು ಕಟ್ಟು ಮಾಡಿದರು. ಒಂದು ಈ ವರ್ಷದ್ದು, ಇನ್ನೊಂದು ಮುಂದೆ ನೋಡೋಣ ಅನ್ನುವಂಥದ್ದು.

ಮೈಕಕ್ಕನಿಗೆ ಮುಂದೆ ನೋಡುವಷ್ಟು ಪುರುಸೊತ್ತಿರಲಿಲ್ಲ. ಮಗಳ ಬಾಣಂತನದ ರಜೆ ಮುಗಿಯಲು ಮೂರೇ ವಾರ ಉಳಿದಿತ್ತು. ಅವಳಿಗೇ ಇನ್ನೂ ಗಿರಣಿಯ ಪಾಳಿ, ವಾರಕ್ಕೊಂದು ಹೊತ್ತು. ಅಳಿಯ ಲಾರಿ ಓಡಿಸುವವನು, ವಾರಕ್ಕೆರಡು ದಿನ ಮನೆ. ಗಂಡನ ಅಂಗಡಿ ಮೆಟ್ಟಿಲ ಕೆಳಗಿನ ಗೂಡು, ಮಗುವಿಗಿರಲಿ, ಅವನ ಮೊಣಕಾಲಿಗೇ ಅಲ್ಲಿ ಜಾಗವಿಲ್ಲ. ಹೇಳಿದ ದಿನ ಮಗಳು ಹೋಗದಿದ್ದರೆ ಆ ಹೊಸ ಯಂತ್ರದ ಮುಂದೆ ಬೇರೆಯವರು ನಿಲ್ಲುತ್ತಾರೆ.

"ಕೆಲಸ ಬಿಡ್ತೀನಿ ಬಿಡಮ್ಮ. ಎಲ್ಲರೂ ಬಿಟ್ಟಿಲ್ವಾ?" ಅಂದಳು ಮಗಳು, ಮಗುವಿನ ಬಟ್ಟೆ ಮಡಿಸುತ್ತ. ತಾಯಿಯ ಮುಖ ಮಾತ್ರ ನೋಡಲಿಲ್ಲ. ಮರುದಿನವೇ ಮೈಕಕ್ಕ ಮಂತ್ರಿಯ ಕೋಣೆಗೆ ಹೋಗಿ ಕೂತಳು.

"ಹನ್ನೊಂದು ಎರಡನೇ ಕಟ್ಟಿಗೆ ಹೋಗಿದೆ ಅಕ್ಕ. ಕಟ್ಟಡ ಇಲ್ಲ, ಏನ್ಮಾಡ್ಲಿ?" ಅಂದರು ವಕೀಲರು, ಮೇಜಿನ ಮೇಲಿನ ಕಾಗದ ಸರಿಮಾಡುತ್ತ. "ಮೂರನೇ ವರ್ಷ ಖಂಡಿತ."

"ಮೂರನೇ ವರ್ಷಕ್ಕೆ ನನ್ನ ಮೊಮ್ಮಗಳೇ ನಡ್ಕೊಂಡು ಬಂದು ಕೇಳ್ತಾಳೆ ಬಿಡಿ."

ವಕೀಲರು ನಕ್ಕರು, ಆದರೆ ಸರಿಯಾಗಿ ನಗಲಾಗಲಿಲ್ಲ. "ಭಾನುವಾರ ಸನ್ಮಾನ ಸಭೆ. ಜೈಕಾರ ನೀವೇ ಹಾಕ್ಬೇಕು. ಬೇರೆ ಯಾರು ಹಾಕಿದ್ರೂ ನನಗೆ ಗೆದ್ದ ಹಾಗೇ ಅನ್ಸಲ್ಲ."

ಆಗಲಿ ಅಂದು ಎದ್ದು ಬಂದಳು. ಸಿಟ್ಟೂ ಇತ್ತು, ಆ ಸೈಕಲ್ ಮನುಷ್ಯನ ಮೇಲೆ ಮಮತೆಯೂ ಇತ್ತು. ನಾಲ್ಕು ದಿನ ಒಲೆ ಮುಂದೆ "ಜಯವಾಗಲಿ, ಜಯವಾಗಲಿ" ಅಂತ ಅಭ್ಯಾಸ ಮಾಡಿದಳು. ಹೊಸ ಚಪ್ಪಲಿ ಕಚ್ಚಿದ ಹಾಗೆ ಆ ಮಾತು ಬಾಯಲ್ಲಿ ಹೊಂದಲೇ ಇಲ್ಲ.

ಭಾನುವಾರ ಮೈದಾನ ತುಂಬಿತ್ತು. ಈ ಸಲ ಮೈಕು ಚೆನ್ನಾಗಿತ್ತು, ಹಾಗಾಗಿ ಅವಳ ದನಿ ಎಷ್ಟು ದೂರ ಹೋಗಬಹುದು ಅನ್ನುವ ಅಂದಾಜು ಯಾರಿಗೂ ಇರಲಿಲ್ಲ. ಹಾರ ಹಾಕಿದ್ದಾಯಿತು. ಅವಳನ್ನು ಕರೆದರು. ಜಯವಾಗಲಿ ಅನ್ನಬೇಕೆಂದೇ ಬಾಯಿ ತೆರೆದಳು, ಇದನ್ನು ನಾನು ಆಣೆ ಮಾಡಿ ಬೇಕಾದರೂ ಹೇಳುತ್ತೇನೆ. ಗಂಟಲಿಗೆ ಇಪ್ಪತ್ತನಾಲ್ಕು ವರ್ಷದ ರೂಢಿ. ಹೊರಬಂದದ್ದೇ ಬೇರೆ.

"ಬೇಕೇ ಬೇಕು!"

"ಮಕ್ಕಳ ಮನೆ ಬೇಕು!" ಅಂದಿತು ಇಡೀ ಮೈದಾನ. ಅವರಿಗೂ ಅದೇ ರೂಢಿ ತಾನೆ?

ಅಯ್ಯೋ ಅಂತ ಅವಳು ನಾಲಿಗೆ ಕಚ್ಚಿಕೊಂಡಳು. ಆದರೆ ಹಿಂದಿನಿಂದ ಒಂದು ದನಿ ಮಾತ್ರ ಎಲ್ಲರಿಗಿಂತ ಜೋರಾಗಿ ಇನ್ನೂ ಕೂಗುತ್ತಿತ್ತು. ತಿರುಗಿ ನೋಡಿದರೆ, ಮಂತ್ರಿಗಳು. ಮುಷ್ಟಿ ಮೇಲೆ, ಕುತ್ತಿಗೆಯ ಹಾರ ಕುಣಿಯುತ್ತಿದೆ. "ಮಕ್ಕಳ ಮನೆ ಬೇಕು, ಬೇಕೇ..." ಅನ್ನುವಷ್ಟರಲ್ಲಿ ಅವರಿಗೆ ಎಚ್ಚರವಾಯಿತು. ಅವರು ತಮ್ಮ ಮುಷ್ಟಿಯನ್ನೇ ನೋಡಿದರು, ಇಳಿಸುವುದೋ ಬಿಡುವುದೋ ತಿಳಿಯದೆ.

ಮೊದಲು ನಕ್ಕವನು ಮೈಕಕ್ಕನ ಗಂಡ, ಗಡಿಯಾರದವನು. ಅವನ ನಗುವಿಗೂ ಸದ್ದಿದೆ ಅಂತ ಬೀದಿಗೆ ಅವತ್ತೇ ಗೊತ್ತಾದದ್ದು. ಆಮೇಲೆ ಇಡೀ ಮೈದಾನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ವಕೀಲರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಮೈಕಿನ ಹತ್ತಿರ ಬಂದರು.

"ಇಷ್ಟು ವರ್ಷ ಕೇಳಿದ್ದಾಯ್ತು. ಈಗಲೂ ಕೇಳ್ದೆ. ಇನ್ನು ಯಾರನ್ನ ಕೇಳ್ಲಿ? ಕೊಡಬೇಕಾದೋನು ನಾನೇ." ಅವಳ ಕಡೆ ತಿರುಗಿದರು. "ಆದ್ರೆ ಕಟ್ಟಡ ಎಲ್ಲಿದೆ ಅಕ್ಕ?"

"ನಮ್ಮ ಪಕ್ಷದ ಹಳೇ ಕಚೇರಿ ಇದೆಯಲ್ಲ," ಅಂದಳು ಮೈಕಕ್ಕ. "ಗೆದ್ದ ಮೇಲೆ ನೀವೆಲ್ಲ ದೊಡ್ಡದಕ್ಕೆ ಹೋಗ್ತಿದ್ದೀರಿ. ಎರಡು ಕೋಣೆ, ನಲ್ಲಿ, ಹಿಂದೆ ಅಂಗಳ. ಗಿರಣಿ ಬಾಗಿಲಿಗೆ ನೂರು ಹೆಜ್ಜೆ."

ಪಕ್ಷದ ಅಧ್ಯಕ್ಷರು ಕೂತಲ್ಲೇ ಗೊಣಗಿದರು, "ಅಲ್ಲಿ ಹಿರಿಯರ ಫೋಟೋ ಇಡೋಣ ಅಂತಿದ್ವಿ."

"ಫೋಟೋ ಗೋಡೆ ಮೇಲಿರಲಿ ಸ್ವಾಮಿ, ಮಕ್ಕಳು ನೆಲದ ಮೇಲಿರ್ತವೆ."

ಮೈಕಿನಲ್ಲಿ ಆಡಿದ ಮಾತು, ಊರಿಗೆಲ್ಲ ಕೇಳಿಸಿತ್ತು. ಇನ್ನು ಬೇಡ ಅನ್ನುವ ಎದೆಗಾರಿಕೆ ಯಾರಿಗಿದೆ?

ಹನ್ನೊಂದು ಮೊದಲ ಕಟ್ಟಿಗೆ ಬಂತು. ಗಿರಣಿಯ ಹೆಂಗಸರು ಕಚೇರಿ ತೊಳೆದು, ಕಿಟಕಿಗೆ ಜಾಲರಿ ಹಾಕಿಸಿ, ಮೆರವಣಿಗೆಯ ಹಳೇ ಬಟ್ಟೆ ಬ್ಯಾನರುಗಳನ್ನೆಲ್ಲ ಒಗೆದು ಕತ್ತರಿಸಿ ಪುಟ್ಟ ಹಾಸಿಗೆ ಹೊಲಿದರು. ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಆಯಾ ಬಂದಳು. ರಜೆ ಮುಗಿದ ದಿನ ಬೆಳಿಗ್ಗೆ ಮಗಳು ಮಗುವನ್ನು ಅಲ್ಲಿ ಮಲಗಿಸಿ, ಎರಡು ಸಲ ಹಿಂತಿರುಗಿ ನೋಡಿ, ಕಣ್ಣೊರೆಸಿಕೊಂಡು, ನಗುತ್ತ ಗಿರಣಿಗೆ ಓಡಿದಳು.

ಆ ವಾರ ಮೈಕಕ್ಕನ ಪಾಳಿ ಮಧ್ಯಾಹ್ನಕ್ಕಿತ್ತು. ಗಂಡನನ್ನು ಜಗಲಿಯಲ್ಲಿ ಕೂರಿಸಿ ತಾನು ಬಾಗಿಲಲ್ಲಿ ನಿಂತು, "ನಮ್ಮ ಪುಟ್ಟಿ ಮಲಗಿದ್ಲಾ?" ಅಂದಳು. ಆರು ಮಕ್ಕಳು ಒಟ್ಟಿಗೆ ಎದ್ದು ಅಳತೊಡಗಿದವು.

"ಮೆಲ್ಲಗೆ ಅಕ್ಕ," ಅಂದಳು ಆಯಾ. "ನಿಮ್ಮ ದಮ್ಮಯ್ಯ."

ಜನ್ಮದಲ್ಲಿ ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ. ಹೇಳಿದ್ದರೂ ಅವಳು ಕೇಳುತ್ತಿರಲಿಲ್ಲ. ಈಗ ಬಾಯಿಗೆ ಸೆರಗು ಒತ್ತಿಕೊಂಡು, ಬೆರಳ ತುದಿಯಲ್ಲಿ ನಡೆದು ಹೋಗಿ ಮೊಮ್ಮಗಳ ಪಕ್ಕ ಕೂತಳು. ಮಕ್ಕಳೆಲ್ಲ ಮತ್ತೆ ಮಲಗುವವರೆಗೆ ಉಸಿರು ಬಿಗಿಹಿಡಿದು ಕಾದಳು. ಆಮೇಲೆ ಬಗ್ಗಿ ಆ ಪುಟ್ಟ ಕಿವಿಯಲ್ಲಿ, ತನಗೆ ಗೊತ್ತಿರುವಷ್ಟು ಮೆಲ್ಲಗೆ ಹೇಳಿದಳು:

"ನಿಮ್ಮಮ್ಮನಿಗೆ ಅಂತ ಕೇಳಿದ್ದು ಕಣೇ. ಬರೋದು ತಡವಾಯ್ತು, ನಿನಗೆ ಸಿಕ್ತು."

ಹೊರಗೆ ಜಗಲಿಯಲ್ಲಿ ಕೂತಿದ್ದ ಗಡಿಯಾರದವನಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಅವನು ಕನ್ನಡಕ ತೆಗೆದು ಒರೆಸಿಕೊಂಡ.