ಗದಿಗೆಮ್ಮ ಕಲಿತ ದನಿ

ಹೈದರಾಬಾದಿನ ಸನತ್‌ನಗರದ ಕಾರ್ಖಾನೆಗಳ ಸಾಲಿನಲ್ಲಿ ಔಷಧಿ ಬಾಟಲಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಮಾಡುವ ಒಂದು ಸಣ್ಣ ಕಾರ್ಖಾನೆ ಇದೆ. ಗದಿಗೆಮ್ಮ ಅಲ್ಲಿ ಹನ್ನೊಂದು ವರ್ಷ ಮುಚ್ಚಳ ಆರಿಸುವ ಮೇಜಿನ ಮುಂದೆ ಕೂತಿದ್ದಳು. ಟ್ಯೂಬ್‌ಲೈಟಿನ ಕೆಳಗೆ ಒಂದೊಂದನ್ನೂ ತಿರುಗಿಸಿ ನೋಡಿ, ಸೀಳಿದ್ದನ್ನು ಕೆಂಪು ಡಬ್ಬಿಗೂ ನೆಟ್ಟಗಿದ್ದದ್ದನ್ನು ನೀಲಿ ಡಬ್ಬಿಗೂ ಹಾಕಬೇಕು. ಆ ಕೆಲಸಕ್ಕೆ ಮಾತು ಬೇಕಿರಲಿಲ್ಲ. ಅವಳಿಗೂ ಅದೇ ಹಿತವಾಗಿತ್ತು.

ಅವಳದು ಲಿಂಗಸೂಗೂರಿನ ಕಡೆಯ ಹಳ್ಳಿ. ಮನೆಯ ಹುಡುಗಿಯರಿಗೆಲ್ಲ ಅಜ್ಜಿ ಹೇಳುತ್ತಿದ್ದದ್ದು ಒಂದೇ: "ಹೆಣ್ಮಗಳ ದನಿ ಹೊಸ್ತಿಲ ದಾಟಬಾರ್ದು." ಗದಿಗೆಮ್ಮನ ದನಿ ಹೊಸ್ತಿಲಿರಲಿ, ತುಟಿಯನ್ನೇ ಸರಿಯಾಗಿ ದಾಟುತ್ತಿರಲಿಲ್ಲ. ಗಂಡ ಹಣಮಂತರಾಯ ರಸ್ತೆ ಕೆಲಸದಲ್ಲಿ ರೋಲರ್ ಓಡಿಸುತ್ತಾನೆ. ರಸ್ತೆ ಎಲ್ಲಿಯೋ ಅಲ್ಲೇ ಅವನ ಬಿಡಾರ. ಎರಡು ತಿಂಗಳಿಗೊಮ್ಮೆ ಮನೆಗೆ ಬಂದರೆ ಹೆಚ್ಚು. ಮಗಳು ಉಮಾಶ್ರೀ ರಾಯಚೂರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಾಳೆ. ಕಾರ್ಖಾನೆಯ ಹಿಂದಿನ ಗಲ್ಲಿಯ ಒಂದೇ ಕೋಣೆಯ ಮನೆಯಲ್ಲಿ ಗದಿಗೆಮ್ಮ ಒಬ್ಬಳೇ.

ಹಗಲಿಗೆ ಮಾತ್ರ ಅನ್ನಮ್ಮ ಇದ್ದಳು. ಬೀದರ ಕಡೆಯವಳು, ಕಾರ್ಖಾನೆಯಲ್ಲಿ ಪಕ್ಕದ ಕುರ್ಚಿಯವಳು. ಆರಿಸುವ ಹೆಂಗಸರಲ್ಲಿ ಉಳಿದವರದೆಲ್ಲ ತೆಲುಗು, ಹಿಂದಿ; ಈ ಇಬ್ಬರ ನಡುವೆ ಮಾತ್ರ ಕನ್ನಡ. ಮಧ್ಯಾಹ್ನ ಇಬ್ಬರೂ ಒಂದೇ ಊಟದ ಡಬ್ಬಿಯ ಮುಚ್ಚಳದಲ್ಲಿ ಪಲ್ಯ ಹಂಚಿಕೊಂಡು ತಿನ್ನುತ್ತಿದ್ದರು. ಮಾತಾಡುವವಳು ಅನ್ನಮ್ಮ, ಹೂಂಗುಟ್ಟುವವಳು ಗದಿಗೆಮ್ಮ.

ಎರಡು ವರ್ಷದ ಹಿಂದೆ ಮಷಿನ್‌ಗಳೂ ಮೇಜುಗಳೂ ಇದ್ದ ಹಾಲ್‌ನ ಸೂಪರ್‌ವೈಸರ್ ಕೆಲಸ ಬಿಟ್ಟ. ಮ್ಯಾನೇಜರ್ ರಾಘವೇಂದ್ರರಾಯರು ಗದಿಗೆಮ್ಮನನ್ನು ಕರೆಸಿದರು. ಅವರ ಮುತ್ತಜ್ಜನ ಕಾಲಕ್ಕೇ ಕಲಬುರಗಿ ಬಿಟ್ಟು ಹೈದರಾಬಾದಿಗೆ ಬಂದ ಮನೆತನ. ಆದರೂ ಕನ್ನಡದವರು ಸಿಕ್ಕರೆ ಕನ್ನಡದಲ್ಲೇ ಮಾತಾಡುತ್ತಿದ್ದರು.

"ಮಷಿನ್ ಕೆಡೋಕ್ಕಿಂತ ಮೊದ್ಲೇ ಅದರ ಸಪ್ಪಳ ಕೇಳಿ ಗುರ್ತು ಹಿಡೀತೀರಿ. ನಾ ನೋಡೀನಿ. ಹಾಲ್ ನೀವೇ ನೋಡ್ಕೋರಿ, ಗದಿಗೆಮ್ಮ."

"ನನಗ ಮಾತಾಡಾಕ ಬರಂಗಿಲ್ರಿ ಸಾಹೇಬ್ರ."

"ಕಲ್ತರ ಬರ್ತದ."

ಬೇಡವೆನ್ನಲೂ ದನಿ ಬೇಕು. ಅದೂ ಬರಲಿಲ್ಲ. ಮರುದಿನದಿಂದ ಅವಳೇ ಸೂಪರ್‌ವೈಸರ್.

ಮೊದಲ ವಾರದಲ್ಲೇ ಎಡವಟ್ಟಾಯಿತು. ಕರಗಿಸಿ ಮುಚ್ಚಳ ಮಾಡುವ ಪ್ಲಾಸ್ಟಿಕ್ ಕಾಳಿನ ಒಂದು ಚೀಲಕ್ಕೆ ನೀರಿನ ಪಸೆ ತಗುಲಿತ್ತು. ಮಷಿನ್ ನೋಡಿಕೊಳ್ಳುತ್ತಿದ್ದ ಹುಲಗೇಶನಿಗೆ, ಅವನ ಬೆನ್ನ ಹಿಂದೆ ನಿಂತು, ನೆಲ ನೋಡುತ್ತ ಅವಳು ಹೇಳಿದಳು: "ಆ ಚೀಲ ಹಾಕಬ್ಯಾಡಪಾ." ಯಾವ ಮಾತಿನಲ್ಲೂ ಕೊನೆಯದನ್ನು ನುಂಗುವುದು ಅವಳ ರೂಢಿ. 'ಹಾಕ' ಎಂಬುದಷ್ಟೇ ಅವನ ಕಿವಿಗೆ ಬಿತ್ತು. ಅವನು ಸುರಿದ. ಒಂದು ಪಾಳಿಯ ಮುಚ್ಚಳಗಳೆಲ್ಲ ಗುಳ್ಳೆ ಎದ್ದು ಹಾಳಾದವು.

"ನೀವಽ ಹಾಕು ಅಂದ್ರಲ್ರಿ!" ಎಂದು ಹುಲಗೇಶ ಎಲ್ಲರೆದುರು ಕೂಗಾಡಿದ. ಗದಿಗೆಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು.

ರಾಘವೇಂದ್ರರಾಯರು ಬೈಯಲಿಲ್ಲ. ಸುತ್ತಲಿನ ಕಾರ್ಖಾನೆಗಳ ಸೂಪರ್‌ವೈಸರುಗಳಿಗೆಂದು ಮೂರು ಶನಿವಾರ ನಡೆದ ತರಬೇತಿಗೆ ಕಳಿಸಿದರು. ಹೇಳಿಕೊಡುತ್ತಿದ್ದ ಅಮಿತಾಗೆ ಮೂವತ್ತರ ಒಳಗಿನ ವಯಸ್ಸು. ಅವಳು ಗದಿಗೆಮ್ಮನನ್ನು ಮುಂದೆ ಕರೆದು ಹೆಸರು ಹೇಳಿಸಿದಳು. ಆಮೇಲೆ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ ಮತ್ತೆ ಹೇಳಿಸಿದಳು. ಎರಡನೆಯ ಸಲದ ದನಿ ತನ್ನದೇ ಎಂದು ಗದಿಗೆಮ್ಮನಿಗೆ ನಂಬಿಕೆ ಬರಲಿಲ್ಲ.

ಕಲಿತದ್ದು ದೊಡ್ಡ ವಿದ್ಯೆಯೇನಲ್ಲ. ಎರಡೂ ಪಾದ ಊರಿ ನಿಲ್ಲಬೇಕು. ಕೈ ಸೆರಗಿನೊಳಗೆ ಅಡಗಬಾರದು. ಎದುರಿನವರ ಕಣ್ಣು ನೋಡಲು ಅಂಜಿಕೆಯಾದರೆ ಹುಬ್ಬುಗಳ ನಡುವೆ ನೋಡಬೇಕು. ಉಸಿರು ಹೊಟ್ಟೆಯಿಂದ ಎತ್ತಬೇಕು. ಕೊನೆಯ ಮಾತನ್ನು ಮೊದಲನೆಯದಷ್ಟೇ ಗಟ್ಟಿಯಾಗಿ ಆಡಬೇಕು, ಆಡಿದ ಮೇಲೆ ಸುಮ್ಮನಿರಬೇಕು.

ಕೋಣೆಯಲ್ಲಿ ಅನ್ನಕ್ಕಿಟ್ಟು ಅವಳು ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. "ಹಾಕಬ್ಯಾಡ. ತೆಗಿ. ನಿಂದ್ರಸು." ಆಮೇಲೆ ಅದನ್ನೇ ತೆಲುಗಿನಲ್ಲಿ, ಹಿಂದಿಯಲ್ಲಿ. ಕೇಳಲು ಯಾರೂ ಇರಲಿಲ್ಲ. ಪಕ್ಕದ ಮನೆಯಾಕೆ ಒಂದು ದಿನ ಬಾಗಿಲಿಗೆ ಬಂದು, "ಊರಿಂದ ಯಾರರ ಬಂದಾರೇನು?" ಎಂದು ಕೇಳಿದಳು. ಯಾರೂ ಇಲ್ಲವೆಂದು ಹೇಳಲು ಗದಿಗೆಮ್ಮನಿಗೆ ನಾಚಿಕೆಯಾಯಿತು.

ಮೂರು ತಿಂಗಳಲ್ಲಿ ಇಡೀ ಹಾಲ್ ಅವಳ ಮಾತಿಗೆ ನಡೆಯತೊಡಗಿತು. ಅವಳು ಚೀರುತ್ತಿರಲಿಲ್ಲ, ಮಷಿನ್‌ಗಳ ಸದ್ದಿನಲ್ಲೂ ಹೇಳಿದ್ದು ಕೇಳುತ್ತಿತ್ತು. ಹುಲಗೇಶನೂ ಎದುರು ನಿಂತು ಕೇಳಿಸಿಕೊಂಡು ಹೋಗುತ್ತಿದ್ದ. ಆದರೆ ಕೆಲಸ ಬಿಟ್ಟು ಬರುವಾಗ ಆ ದನಿಯನ್ನು ಅಲ್ಲೇ ಬಿಟ್ಟು ಬರುವುದು ಅವಳಿಗೆ ಬರಲಿಲ್ಲ.

"ಊಟ ಆತೇನು? ಪರೀಕ್ಷಾ ಯಾವಾಗ ಐತಿ?" ಎಂದು ಫೋನಿನಲ್ಲಿ ಕೇಳಿದರೆ ಮಗಳು ಅಂದಳು: "ಯಾಕವ್ವಾ, ಸಿಟ್ಟಿಗೆದ್ದೀ?"

"ಇಲ್ಲವಾ, ಕೇಳಾಕತ್ತೀನಿ."

"ಮತ್ತ ಹಂಗ್ಯಾಕ ಜೋರ್ ಮಾಡಾಕತ್ತೀ?"

ಅಂದಿನಿಂದ ಉಮಾಶ್ರೀಯ ಫೋನುಗಳು ಮೊಟಕಾದವು.

ಆ ಮಳೆಗಾಲದಲ್ಲಿ ಔಷಧಿ ಕಂಪನಿಯವರು ಎಂಟು ಪೆಟ್ಟಿಗೆ ಮುಚ್ಚಳ ವಾಪಸು ಕಳಿಸಿದರು. ಎಲ್ಲದರಲ್ಲೂ ಸೀಳು. ಪೆಟ್ಟಿಗೆಗಳ ಮೇಲೆ ಇದ್ದದ್ದು ಅನ್ನಮ್ಮನ ಮೇಜಿನ ಚೀಟಿ. ಅವಳ ಕಣ್ಣು ಮಂಜಾಗುತ್ತಿರುವುದು ಗದಿಗೆಮ್ಮನಿಗೆ ಮೊದಲೇ ಗೊತ್ತಿತ್ತು. ಪಕ್ಕದಲ್ಲಿ ಕೂಡುತ್ತಿದ್ದಾಗ ಅವಳ ನೀಲಿ ಡಬ್ಬಿಯಿಂದ ಸೀಳಿದ್ದನ್ನು ಸದ್ದಿಲ್ಲದೆ ತೆಗೆದು ತನ್ನ ಕೆಂಪು ಡಬ್ಬಿಗೆ ಹಾಕಿಕೊಳ್ಳುತ್ತಿದ್ದಳು. ಈಗ ಪಕ್ಕದಲ್ಲಿ ಬೇರೆ ಯಾರೋ ಇದ್ದರು.

ಬೆಳಿಗ್ಗೆ ಕೆಲಸಕ್ಕೆ ಮೊದಲು ಹಾಲಿನಲ್ಲಿ ಎಲ್ಲರನ್ನೂ ನಿಲ್ಲಿಸಿ ಹತ್ತು ನಿಮಿಷ ಮಾತಾಡುವುದು ಸೂಪರ್‌ವೈಸರಳ ಕೆಲಸ. ಆ ದಿನ ರಾಘವೇಂದ್ರರಾಯರೂ ಹಿಂದೆ ನಿಂತಿದ್ದರು. ಗದಿಗೆಮ್ಮ ಪಾದ ಊರಿದಳು. ಅನ್ನಮ್ಮನ ಹುಬ್ಬುಗಳ ನಡುವೆ ನೋಡಿದಳು. ಇವತ್ತಿನಿಂದ ನೀನು ಆರಿಸುವ ಮೇಜಿಗೆ ಕೂಡಬೇಡ, ಪ್ಯಾಕಿಂಗಿಗೆ ಹೋಗು ಎಂದು ಎಲ್ಲರಿಗೂ ತಿಳಿಯುವ ಹಾಗೆ ತೆಲುಗಿನಲ್ಲಿ ಹೇಳಿದಳು. ಹನ್ನೊಂದು ವರ್ಷದಲ್ಲಿ ಅನ್ನಮ್ಮನ ಜೊತೆ ಅವಳು ಆಡಿದ ಮೊದಲ ತೆಲುಗು ಮಾತು ಅದು. ಒಂದಕ್ಷರವೂ ನುಂಗಲಿಲ್ಲ. ಹೇಳಿ ಸುಮ್ಮನೆ ನಿಂತಳು.

"ಛಲೋ ಹೇಳಿದ್ರಿ," ಎಂದರು ರಾಯರು ಹೊರಡುವಾಗ.

ಮಧ್ಯಾಹ್ನ ಅವಳು ಡಬ್ಬಿ ಹಿಡಿದು ಅನ್ನಮ್ಮನ ಹತ್ತಿರ ಹೋದಳು. ಅನ್ನಮ್ಮ ತಲೆ ಎತ್ತಲಿಲ್ಲ.

"ಬಾಜೂಕ ಬಂದು ಕಿವ್ಯಾಗ ಹೇಳಿದ್ರ ನಾ ಏಳ್ತಿರಲಿಲ್ಲೇನು?"

ಗದಿಗೆಮ್ಮ ಡಬ್ಬಿ ತೆರೆಯದೆ ವಾಪಸಾದಳು. ತಿಂಗಳು ಮುಗಿಯುತ್ತಲೇ ಅನ್ನಮ್ಮ ಕೆಲಸ ಬಿಟ್ಟಳು.

ನಾಲ್ಕು ಭಾನುವಾರ ಹೋಗಬೇಕೆಂದುಕೊಂಡು ಐದನೆಯದಕ್ಕೆ ಗದಿಗೆಮ್ಮ ಬೋರಬಂಡಾದ ಅವಳ ಮನೆಗೆ ಹೋದಳು. ಅನ್ನಮ್ಮ ಆಗಷ್ಟೇ ಚರ್ಚಿನಿಂದ ಬಂದಿದ್ದಳು. ಕಣ್ಣಿಗೆ ಹೊಸ ಚಸ್ಮಾ ಇತ್ತು. ಕೋಠಿಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಮಡಚಿಡುವ ಕೆಲಸ ಸಿಕ್ಕಿದೆಯೆಂದಳು.

"ಬರ್ರಿ, ಕುಂದರ್ರಿ. ಚಾ ಮಾಡ್ತೀನಿ."

"ಅಯ್ಯ, ನನಗ್ಯಾಕ ರೀ ಹಚ್ಚಿ ಮಾತಾಡ್ತಿ ಅನ್ನಮ್ಮ?"

"ಹಂಗೇ ಬಾಯಿಗೆ ಬರ್ತದ್ರಿ."

ಮುಖದಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಜಗಳವಾದರೂ ಆಡಬಹುದಿತ್ತು. ಚಹಾ ಆರುವವರೆಗೆ ಕೂತು ಗದಿಗೆಮ್ಮ ಮೆಲ್ಲಗೆ ಹೇಳಿದಳು: "ಅವತ್ತ ನಾ ಕಿವ್ಯಾಗಽ ಹೇಳಬೇಕಾಗಿತ್ತು. ತಪ್ಪಾತು."

"ಹೋಗ್ಲಿ ಬಿಡ್ರಿ. ನನ್ನ ಕಣ್ಣು ಖರೇನೇ ಹೋಗಿದ್ವು. ಇನ್ನೊಂದು ಬಿಸ್ಕೀಟ್ ತಗೋರಿ."

ಗೇಟಿನವರೆಗೆ ಬಂದು ಕಳಿಸಿಕೊಟ್ಟಳು. ಮತ್ತೆ ಬಾ ಎನ್ನಲಿಲ್ಲ, ಬರ್ರಿ ಎಂದಳು.

ಗದಿಗೆಮ್ಮ ಈಗಲೂ ಅದೇ ಕಾರ್ಖಾನೆಯಲ್ಲಿದ್ದಾಳೆ. ಯಾರ ತಪ್ಪನ್ನೂ ಬೆಳಗಿನ ಮಾತಿನಲ್ಲಿ ಎತ್ತುವುದಿಲ್ಲ. ಪಕ್ಕಕ್ಕೆ ಕರೆದು, ಅವರವರ ಭಾಷೆಯಲ್ಲಿ ಹೇಳುತ್ತಾಳೆ. ಅವಳ ಬಗ್ಗೆ ಹಾಲಿನಲ್ಲಿ ಯಾರೂ ಕೆಟ್ಟದಾಗಿ ಮಾತಾಡುವುದಿಲ್ಲ. ಮಧ್ಯಾಹ್ನ ಹೆಂಗಸರು ಊಟಕ್ಕೆ ಕೂತಲ್ಲಿಗೆ ಹೋದರೆ ಸರಿದು ಜಾಗ ಮಾಡಿಕೊಡುತ್ತಾರೆ. ನಡೆಯುತ್ತಿದ್ದ ನಗು ಅಷ್ಟು ಹೊತ್ತು ನಿಲ್ಲುತ್ತದೆ. ಹಾಗಾಗಿ ಅವಳು ಬೇಗ ಬೇಗ ಉಂಡು ಏಳುತ್ತಾಳೆ.