ಬೆನ್ನಿನ ಮಣ್ಣು

ಹುಳಿ ಬಂದ ಮಜ್ಜಿಗೆಯನ್ನು ನನ್ನಾಕೆ ಕರಿಬೇವಿನ ಗಿಡದ ಬುಡಕ್ಕೆ ಸುರಿದಳು ನೋಡಿ, ಕೆಂಪು ಮಣ್ಣಿನಿಂದ ಒಂದು ವಾಸನೆ ಎದ್ದಿತು. ಗಿಡಕ್ಕೆ ಅದು ಒಳ್ಳೆಯದಂತೆ. ನನಗೆ ಒಳ್ಳೆಯದಾಗಲಿಲ್ಲ. ಕೈಯಲ್ಲಿದ್ದ ಚಹಾ ಆರುವ ತನಕ ಅಲ್ಲೇ ನಿಂತುಬಿಟ್ಟೆ. ಗರಡಿ ಮನೆಯಲ್ಲಿ ಹೊರಳಾಡಿದವರಿಗೆ ಈ ವಾಸನೆ ಚೆನ್ನಾಗಿ ಗೊತ್ತು. ಅಲ್ಲಿಯ ಮಣ್ಣಿಗೂ ಮಜ್ಜಿಗೆ, ಎಣ್ಣೆ, ಅರಿಶಿನ, ಲಿಂಬೆಹುಳಿ ಹಾಕಿ ಹದ ಮಾಡುತ್ತಾರೆ, ಬಿದ್ದವರ ಮೈ ತರಚಬಾರದೆಂದು.

ನಾನು ಗರಡಿಯವನೆಂದರೆ ನೀವು ನನ್ನ ಮೈಕಟ್ಟು ನೋಡಿ ನಗುತ್ತೀರಿ. ನಗಿರಿ, ಆಗಲೂ ನಗುತ್ತಿದ್ದರು. ಉಂಡದ್ದು ಮೈಗೆ ಹತ್ತುವುದಿಲ್ಲವೆಂದು ಅಪ್ಪ ನನ್ನನ್ನು ಬೆಟಗೇರಿಯ ಮೌಲಾಸಾಬರ ಗರಡಿಗೆ ಅಟ್ಟಿದ್ದ. ಕುಸ್ತಿ ಕಲಿಸುವವರನ್ನು ನಮ್ಮ ಕಡೆ ವಸ್ತಾದ ಅನ್ನುತ್ತೇವೆ. ಈ ವಸ್ತಾದರು ನಸುಕಿನಲ್ಲಿ ಹಣಮಪ್ಪನ ಪಟಕ್ಕೆ ಊದಿನಕಡ್ಡಿ ಹಚ್ಚಿ ನಮ್ಮನ್ನು ಮಣ್ಣಿಗೆ ಇಳಿಸುತ್ತಿದ್ದರು. ಹಗಲೆಲ್ಲ ಅಂಗಡಿಯಲ್ಲಿ ಅರಳೆ ತುಂಬಿ ಗಾದಿ ಹೊಲಿಯುತ್ತಿದ್ದರು.

"ಮುಂಜಾನೆ ಬೆನ್ನು ನೆಲಕ್ಕ ಹತ್ತಬಾರದು ಅಂತ ಬಡಕೋತೀನಿ. ಆಮ್ಯಾಲೆ ಮಂದಿ ಬೆನ್ನು ಹಚ್ಚಿ ಮಲಗಾಕ ಗಾದಿ ಹೊಲೀತೀನಿ. ನನ್ನ ಬಾಳೇವು ಪೂರಾ ಬೆನ್ನಿನ ಮ್ಯಾಲ ನಡದೈತಿ ನೋಡ್ರಲೇ" ಎಂದು ತಾವೇ ನಗುತ್ತಿದ್ದರು.

ಕುಸ್ತಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿತೆಂದರೆ ಸೋತಂತೆ. ಈ ವಿದ್ಯೆಯಲ್ಲಿ ನಾನು ಬಲುಬೇಗ ಪ್ರವೀಣನಾದೆ. ಆದರೆ ಆ ಗರಡಿಯಲ್ಲೊಂದು ಪದ್ಧತಿ ಇತ್ತು. ಗೆದ್ದವನು ಕೈ ಎತ್ತಿ ಕುಣಿಯುವಂತಿಲ್ಲ. ಸೋತವನನ್ನು ಎಬ್ಬಿಸಿ, ಅವನ ಬೆನ್ನಿನ ಮಣ್ಣನ್ನು ತನ್ನ ಅಂಗೈಯಿಂದಲೇ ಒರೆಸಬೇಕು. ಬೇರೆ ಯಾರೂ ಮುಟ್ಟುವಂತಿಲ್ಲ.

"ತನ್ನ ಬೆನ್ನು ತನಗ ಕಾಣಂಗಿಲ್ಲ, ಕೈಗೂ ಎಟಕಂಗಿಲ್ಲ. ಮಣ್ಣು ಹಚ್ಚಿದಾಂವನ ಒರಸಬೇಕು. ಅಲ್ಲೀತನಕ ಕುಸ್ತಿ ಮುಗಿದಿಲ್ಲ. ಒರಸದ ಹೋದ್ರ ಅದು ಕುಸ್ತಿ ಅಲ್ಲಲೇ, ಬಡದಾಟ!"

ವಸ್ತಾದರ ಧರ್ಮ, ವೇದಾಂತ ಎಲ್ಲ ಇಷ್ಟೇ. ಹೀಗಾಗಿ ನನ್ನ ಬೆನ್ನನ್ನು ಒರೆಸದ ಕೈ ಬೆಟಗೇರಿಯಲ್ಲಿ ಉಳಿದಿರಲಿಲ್ಲ. ಅದರಲ್ಲಿ ಹೊಂಬಳದ ನಿಂಗಪ್ಪನ ಕೈ ಬೇರೆಯೇ. ವಸ್ತಾದರು ಅವನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು, ತಮ್ಮ ಪಾಲಿನ ಹಾಲು ಕುಡಿಸಿ ಬೆಳೆಸಿದ್ದರು. ಕೋಣದಂಥ ಆಳು, ಆದರೆ ಒರೆಸುವಾಗ ಎಳೆಗೂಸನ್ನು ಮುಟ್ಟಿದಂತೆ ಮುಟ್ಟುತ್ತಿದ್ದ. "ನೋವಾತೇನೋ ತಮ್ಮಾ?" ಎಂದು ಕೇಳುತ್ತಿದ್ದ. ಸೋತ ನಾನು ಗೆದ್ದವನ ಹಾಗೆ ಎದೆಯುಬ್ಬಿಸಿ ಮನೆಗೆ ಹೋಗುತ್ತಿದ್ದೆ.

ಹೋದ ವರ್ಷ ಊರ ದೊಡ್ಡ ಮನುಷ್ಯನೊಬ್ಬ ಗರಡಿಯ ಜಾಗ ತನ್ನದೆಂದ. ಅಲ್ಲಿ ಅಂಗಡಿಸಾಲು ಏಳಬೇಕಿತ್ತಂತೆ. ನಿಂಗಪ್ಪ ಅಷ್ಟರಲ್ಲಿ ಅವನ ಬಳಿ ಕೆಲಸಕ್ಕಿದ್ದ, ಅವನ ಹಿಂದೆ ಎದೆ ಸೆಟೆಸಿ ನಿಲ್ಲುವ ಕೆಲಸ. ಹೆಂಚು ಇಳಿಸಲು ಆಳುಗಳು ಬಂದ ದಿನ ವಸ್ತಾದರು ಬಾಗಿಲಿಗೆ ಅಡ್ಡ ನಿಂತರು. "ಸರೀರಿ ವಸ್ತಾದ್ರ" ಎಂದ ನಿಂಗಪ್ಪ. ಅವರು ಸರಿಯಲಿಲ್ಲ. ಅವನು ಕುಸ್ತಿಯ ಪಟ್ಟೇನೂ ಹಾಕಲಿಲ್ಲ, ಸುಮ್ಮನೆ ನೂಕಿದ. ಮುದುಕರು ರಸ್ತೆಯ ಮೇಲೆ ಅಂಗಾತ ಬಿದ್ದರು. ನಿಂಗಪ್ಪ ಒಂದು ಗಳಿಗೆ ನೋಡಿದ, ಆಮೇಲೆ ಒಳಗೆ ಹೋದ.

ಅಲ್ಲೇ ನಿಂತಿದ್ದ ನಾನು ಓಡಿಹೋಗಿ ಎಬ್ಬಿಸಿದೆ. ಬಿಳಿ ಅಂಗಿಯ ಬೆನ್ನೆಲ್ಲ ಧೂಳು. ಒರೆಸಲು ಕೈ ಚಾಚಿದೆ.

"ಕೈ ತಗಿ. ಕೆಡವಿದಾಂವ ನೀ ಅಲ್ಲ."

"ಅಂವ ಒಳಗ ಹೋದನಲ್ರೀ!"

"ಬರ್ತಾನ. ಅಂವಗ ನಾ ಕಲಿಸೇನಿ."

ವಸ್ತಾದರು ಆ ಅಂಗಿಯನ್ನು ಮನೆಯಲ್ಲಿ ಸೊಸೆಗೆ ಒಗೆಯಲು ಕೊಡಲಿಲ್ಲ. ದಿನಾ ಸಂಜೆ ಅದನ್ನೇ ತೊಟ್ಟು ಹೊಸ್ತಿಲ ಬಳಿ ರಸ್ತೆಗೆ ಬೆನ್ನು ಮಾಡಿ ಕೂರುತ್ತಿದ್ದರು. ಹೋಗಿ ಬರುವವರು ಮುದುಕನಿಗೆ ಅರಳು ಮರಳು ಎಂದರು. ನನಗೆ ಸಿಟ್ಟು ಬಂದು, "ಅಂವ ಬರದಿದ್ರ ಏನ ಮಾಡ್ತೀರಿ?" ಎಂದೇ ಕೇಳಿದೆ. "ಬರದಿದ್ರ, ನಾ ಇಷ್ಟು ವರ್ಷ ಏನ ಕಲಿಸಿದೆ ಹಂಗಾರ?" ಎಂದರು. ಅಂದಿನಿಂದ ನಾನೂ ನಿಂಗಪ್ಪನ ದಾರಿ ಕಾಯತೊಡಗಿದೆ.

ಬಂದ. ಬಂದದ್ದೇನೋ ಖರೆ. ಕಾರಿನಲ್ಲಿ, ದೊಡ್ಡ ಮನುಷ್ಯನ ಜೊತೆ, ಹಾರ ತುರಾಯಿ ಹಿಡಿದು ಬಂದ. ಹಿರಿಯ ವಸ್ತಾದರಿಗೆ ಸನ್ಮಾನವಂತೆ. ನಿಂಗಪ್ಪನ ದನಿ ಕೇಳಿದ್ದೇ ವಸ್ತಾದರು ನೆಟ್ಟಗೆ ಕೂತರು. ಬೆನ್ನು ರಸ್ತೆಯ ಕಡೆಗೇ ಇತ್ತು. ಅವನು ಹತ್ತಿರ ಬಂದ, ಆ ಧೂಳನ್ನು ನೋಡಿದ, ಕೈ ತುಸು ತಡೆಯಿತು ಕೂಡ. ಆಮೇಲೆ ಜರತಾರಿ ಶಾಲು ಬಿಡಿಸಿ ಅದರ ಮೇಲೆ ಹೊದಿಸಿ, ಫೋಟೋ ತೆಗೆಯುವವನ ಕಡೆ ತಿರುಗಿ ನಿಂತ.

ಕಾರು ಹೋದಮೇಲೆ ವಸ್ತಾದರು ಮೆಲ್ಲಗೆ ಅಂದರು: "ಒರಸಾಕ ಬಂದಿದ್ದಿಲ್ಲಪಾ ಅಂವ. ಮುಚ್ಚಾಕ ಬಂದಿದ್ದ."

ಅಂದೇ ಅಂಗಿ ಬಿಚ್ಚಿ ಸೊಸೆಗೆ ಒಗೆಯಲು ಕೊಟ್ಟರು. ಅದನ್ನು ನೋಡಿ ನನಗೆ ಅಳು ಬಂತು. ಆ ಧೂಳು ಇರುವವರೆಗೆ ಅವರಿಗೊಂದು ನಂಬಿಕೆ ಇತ್ತು. ಆಮೇಲೆ ಅವರು ಹೊಸ್ತಿಲಿಗೆ ಬರಲಿಲ್ಲ, ಹೆಚ್ಚು ಕಾಲ ಉಳಿಯಲೂ ಇಲ್ಲ.

ಮೊನ್ನೆ ಮುಂಡರಗಿಯ ಕಡೆ ಕುಸ್ತಿ ನೋಡಲು ಹೋಗಿದ್ದೆ. ಗೆದ್ದವನನ್ನು ಜನ ಹೆಗಲ ಮೇಲೆ ಹೊತ್ತು ಕುಣಿದರು. ಸೋತವನು ಒಬ್ಬನೇ ಎದ್ದು, ಕೈ ಹಿಂದೆ ಹಾಕಿ ಬೆನ್ನು ತಡವಿಕೊಳ್ಳಲು ನೋಡಿದ. ಎಟುಕಲಿಲ್ಲ.

"ಒರಸಂಗಿಲ್ಲೇನ್ರಿ?" ಎಂದು ಪಕ್ಕದವನನ್ನು ಕೇಳಿದೆ.

"ಏನ ಒರಸೂದ್ರಿ?" ಎಂದು ಅವನು ನನ್ನ ಮುಖ ನೋಡಿದ.

ಹೇಳಿ ಏನಾಗಬೇಕು ಅನಿಸಿತು. ಅಷ್ಟರಲ್ಲಿ ಸೋತವನು ಬೆನ್ನಿನ ಮಣ್ಣಿನ ಮೇಲೆಯೇ ಅಂಗಿ ತೊಟ್ಟು ಬಸ್ಸಿನ ಕಡೆ ಹೊರಟಿದ್ದ.